ಒಂದು ಮಕ್ಕರಿ ಚೌಳು

ನಮ್ಮಪ್ಪ ಯಾರ ಮೇಲೂ ಕೈ ಎತ್ತಿದವನಲ್ಲ. ಎತ್ತುಗಳಿಗೂ ಹೊಡೆಯುತ್ತಿರಲಿಲ್ಲ, ಬಾರುಕೋಲನ್ನು ಸುಮ್ಮನೆ ಗಾಳಿಯಲ್ಲಿ ಆಡಿಸುತ್ತಿದ್ದ ಅಷ್ಟೆ. ಅಂಥವನು ಒಂದು ದಿನ ಬೆಳಿಗ್ಗೆ, ಒಂದು ಮಕ್ಕರಿ ಮಣ್ಣು ಕೇಳಲು ಬಂದ ಮುದುಕನ ಮೇಲೆ ಗುದ್ದಲಿ ಎತ್ತಿಕೊಂಡು ಹೋದ. ನಾನು ಆಗ ಪಾಂಡವಪುರದಲ್ಲಿ ಪಿಯುಸಿ ಓದುತ್ತಿದ್ದೆ. ಬಸ್ಸಿಗೆಂದು ಹೊರಟವಳು ಜಗಲಿಯ ಮೇಲೇ ನಿಂತುಬಿಟ್ಟೆ.

ಆ ಮುದುಕ ಪಕ್ಕದೂರಿನ ಮಡಿವಾಳರ ಅಜ್ಜ. ಸೋಪಿನ ಪುಡಿ ಎಲ್ಲರ ಮನೆಗೂ ಬಂದಾಗಿತ್ತು, ಅವನಿಗೆ ಮಾತ್ರ ಅದರ ಮೇಲೆ ನಂಬಿಕೆ ಇರಲಿಲ್ಲ. ಬಟ್ಟೆಯನ್ನು ಚೌಳುಮಣ್ಣಿನ ನೀರಲ್ಲಿ ನೆನೆಸಿ ಬೇಯಿಸಿದರೇ ಕೊಳೆ ಬಿಡುವುದು ಎನ್ನುತ್ತಿದ್ದ. ಚೌಳು ಎಂದರೆ ತಗ್ಗು ನೆಲದಲ್ಲಿ ನೀರು ನಿಂತು ನಿಂತು, ಬಿಸಿಲು ಬಿದ್ದಾಗ ಮೇಲೆದ್ದು ಬರುವ ಬಿಳಿ ಉಪ್ಪು. ಅದು ಎದ್ದ ಕಡೆ ಹುಲ್ಲು ಕೂಡ ಹುಟ್ಟುವುದಿಲ್ಲ. ಸುತ್ತಲ ಊರುಗಳಲ್ಲಿ ಎಲ್ಲೆಲ್ಲಿ ಚೌಳು ಎದ್ದಿದೆ ಎನ್ನುವುದು ಅಜ್ಜನಿಗೆ ಬಾಯಿಪಾಠ. ಕತ್ತೆ ಹೊಡೆದುಕೊಂಡು ಹೋಗಿ, ನೆಲ ಕೆರೆದು, ಒಂದು ಚಿಟಿಕೆ ನಾಲಿಗೆ ಮೇಲಿಟ್ಟು ನೋಡಿ, ಆಮೇಲೆ ಮಕ್ಕರಿಗೆ ತುಂಬಿಕೊಳ್ಳುತ್ತಿದ್ದ.

"ಬುದ್ದಿ, ನಿಮ್ ಕೆಳಗಲ ಗದ್ದೆ ಮೂಲೇಲಿ ಒಂದ್ ಮಕ್ರಿ ಚೌಳು ಕೆರ್ಕತೀನಿ," ಎಂದ.

ಅಪ್ಪನಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಕಿವಿಯವರೆಗೂ ಕೆಂಪೇರಿತು. "ಏನಂದೆ? ನನ್ ಗದ್ದೇಲಿ ಚೌಳಾ? ಯಾವನಯ್ಯಾ ನಿಂಗೆ ಏಳ್ದೋನು?"

"ಯಾರೂ ಏಳಿಲ್ಲ ಬುದ್ದಿ. ನಿನ್ನೆ ಬದಿನ್ ಮ್ಯಾಲೆ ಓಯ್ತಿದ್ದೆ, ವಸಿ ಬೆಳ್ಳಗೆ ಕಾಣ್ತು. ನಾಲ್ಗೆ ಮ್ಯಾಲಿಟ್ಟು ನೋಡ್ದೆ. ಬೇಜಾರ್ ಮಾಡ್ಕಬ್ಯಾಡಿ, ಆ ಬಸಿಗಾಲ್ವೆ ಅಷ್ಟು ಆಳ ಮಾಡ್ಸಿ. ಬಂದ್ ನೀರ್ಗೆ ಓಗಾಕ್ ದಾರಿ ಇಲ್ದಿದ್ರೆ ಅದು ಅಲ್ಲೇ ಮನೆ ಮಾಡ್ಕತದೆ."

ಅಷ್ಟಕ್ಕೇ ಅಪ್ಪ ಗುದ್ದಲಿ ಎತ್ತಿದ್ದು. ಅಜ್ಜ ಓಡಲಿಲ್ಲ. ಖಾಲಿ ಮಕ್ಕರಿಯನ್ನು ಕತ್ತೆಯ ಮೇಲೆ ಹಾಕಿಕೊಂಡು, ನನ್ನ ಕಡೆ ಒಂದು ಸಲ ನೋಡಿ, ನಿಧಾನವಾಗಿ ಹೊರಟುಹೋದ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಅಯ್ಯೋ ಪಾಪ ಅನ್ನುವಂತಿತ್ತು. ನನಗೆ ಮೈ ಉರಿದುಹೋಯಿತು.

ಅಪ್ಪನ ಕೋಪಕ್ಕೆ ಕಾರಣ ನಾನೇ. ಆ ವರ್ಷ ನನಗೆ ಗಂಡು ನೋಡುತ್ತಿದ್ದರು. ನಮ್ಮ ಕಡೆ ಹೆಣ್ಣು ನೋಡಲು ಬಂದವರು ಉಪ್ಪಿಟ್ಟು, ಕಾಫಿ ಮುಗಿಸಿ ಹಾಗೇ ಗದ್ದೆ ಕಡೆ ಒಂದು ಸುತ್ತು ಹೋಗಿಬರುತ್ತಾರೆ. ಹುಡುಗಿ ಕುಂಟಿಯೋ ಕಿವುಡಿಯೋ ಎಂದು ಒಳಗೆ ನೋಡುವಷ್ಟೇ ಶ್ರದ್ಧೆಯಿಂದ ಬದುವಿನ ಮೇಲೆ ನಿಂತು ಪೈರನ್ನೂ ನೋಡುತ್ತಾರೆ. ಅದಾಗಲೇ ನಾಲೆ ಸೀಮೆಯ ಎರಡು ಮನೆಯವರು ಬಂದು, ಗದ್ದೆ ಸುತ್ತಿ, ಊರಿಗೆ ಹೋಗಿ ಹೇಳಿ ಕಳಿಸುತ್ತೇವೆ ಎಂದವರು ಹೇಳಿ ಕಳಿಸಿರಲಿಲ್ಲ. ಅವ್ವ ನನ್ನ ಮೈಬಣ್ಣವನ್ನು ದೂರುತ್ತಿದ್ದಳು. ಗದ್ದೆಯ ಬಣ್ಣ ದೂರಬೇಕಿತ್ತು ಎಂದು ಈಗ ಅನಿಸುತ್ತದೆ.

ಬಸಿಗಾಲುವೆಯ ವಿಷಯವನ್ನು ಇಲ್ಲಿ ಹೇಳಬೇಕು. ಕನ್ನಂಬಾಡಿ ಕಟ್ಟೆಯ ನೀರು ಹರಿದು ಬರುವ ಮುಂಚೆ ನಮ್ಮೂರು ರಾಗಿ, ಹುರುಳಿ, ಅವರೆಯ ಊರು. ನೀರು ಬಂದ ಮೇಲೆ ಹೊಲ ಗದ್ದೆಯಾಯಿತು. ನೀರು ತರುವ ಕಾಲುವೆ ಮೇಲಿದ್ದರೆ, ಗದ್ದೆಯಲ್ಲಿ ಉಳಿದ ನೀರು ಬಸಿದು ಹೋಗಲು ಕೆಳಗಡೆ ಇನ್ನೊಂದು ಕಾಲುವೆ, ಅದೇ ಬಸಿಗಾಲುವೆ. ಅದು ಎಲ್ಲರ ಗದ್ದೆಯ ತುದಿಯನ್ನೂ ಹಾದು ಕೊನೆಗೆ ಹಳ್ಳ ಸೇರುತ್ತಿತ್ತು. ನಮ್ಮ ತಾತನ ಕಾಲದಲ್ಲಿ ಒಂದು ಕಟ್ಟಳೆ ಇತ್ತು. ನಾಲೆಗೆ ನೀರು ಬಿಡುವ ಮುಂಚೆ ಊರಿನ ಪ್ರತಿ ಮನೆಯವರೂ ತಮ್ಮ ಗದ್ದೆ ಎಷ್ಟುದ್ದವೋ ಅಷ್ಟುದ್ದ ಬಸಿಗಾಲುವೆ ತೋಡಬೇಕು. ತೋಡದವರ ಗದ್ದೆಗೆ ನೀರು ತಿರುಗಿಸುತ್ತಿರಲಿಲ್ಲ. ಭತ್ತ ಕೊಯ್ದ ಮೇಲೆ ನೆಲಕ್ಕೆ ನೀರು ತೋರಿಸದೆ ಹುರುಳಿಯನ್ನೋ ಸೆಣಬನ್ನೋ ಚೆಲ್ಲಿ ಸುಮ್ಮನಿರುತ್ತಿದ್ದರು. ನೆಲಕ್ಕೂ ಉಸಿರಾಡಲು ಹೊತ್ತು ಬೇಕು ಎನ್ನುತ್ತಿದ್ದ ತಾತ.

ತಾತ ಹೋದ. ಕಬ್ಬು ಬಂತು, ಎರಡೆರಡು ಬೆಳೆ ಭತ್ತ ಬಂತು, ನೆಲ ಒಣಗುವುದೇ ನಿಂತಿತು. ಬಸಿಗಾಲುವೆ ತೋಡುವ ಕೆಲಸ ಯಾರಿಗೂ ಬೇಡವಾಯಿತು. ಬೇಡವಾದ ಜಾಗದ ಮೇಲೆ ಕಣ್ಣು ಬೀಳದೆ ಇರುತ್ತದೆಯೇ? ಬದು ಕೆತ್ತುವ ನೆಪದಲ್ಲಿ ಇವರು ವರ್ಷಕ್ಕೆ ಒಂದು ಗೇಣು, ಅವರು ಒಂದು ಗೇಣು. ಹನಿ ಹನಿ ಕೂಡಿ ಹಳ್ಳ ಅನ್ನುತ್ತಾರಲ್ಲ, ನಮ್ಮೂರಲ್ಲಿ ಗೇಣು ಗೇಣು ಕೂಡಿ ಹಳ್ಳವೇ ಮಾಯವಾಗುತ್ತಿತ್ತು.

ಅಜ್ಜ ಬಂದುಹೋದ ಮಾರನೆಯ ದಿನ ಅಪ್ಪ ಮತ್ತು ಅಣ್ಣ ದಿಣ್ಣೆಯಿಂದ ಗಾಡಿಗಟ್ಟಲೆ ಕೆಮ್ಮಣ್ಣು ತಂದು ಆ ಮೂಲೆಯ ಬಿಳುಪಿನ ಮೇಲೆ ಹರಡಿದರು. ಬಿಳುಪು ಹೆಚ್ಚಾಗಿ ಕಾಣುತ್ತಿದ್ದದ್ದು ಬಸಿಗಾಲುವೆಯ ಅಂಚಿನಲ್ಲಿ. ಅದಕ್ಕೆ ನಮ್ಮ ಪಾಲಿನಷ್ಟುದ್ದ ಕಾಲುವೆಯನ್ನೇ ಪೂರ್ತಿ ಮುಚ್ಚಿ ಸಮ ಮಾಡಿದರು. ಆಮೇಲೆ ಮೇಲಿನಿಂದ ನೀರು ಬಿಟ್ಟು ಮೂರು ದಿನ ನಿಲ್ಲಿಸಿದರು. ನೀರು ನಿಂತಾಗ ಚೌಳು ಕಾಣುವುದಿಲ್ಲ, ಒಳಗೆ ಇಳಿಯುತ್ತದೆ. ಒಣಗಿದಾಗ ಎರಡರಷ್ಟಾಗಿ ಏಳುತ್ತದೆ ಅನ್ನುವುದು ಅಪ್ಪನಿಗೆ ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ನನಗೆ ಗೊತ್ತಿರಲಿಲ್ಲ. ನಾನು ಕೂಡ ಮಕ್ಕರಿ ಹೊತ್ತು ಮಣ್ಣು ಸುರಿದೆ, ಅದೂ ಹುರುಪಿನಿಂದ.

ಮುಚ್ಚಿದ ಕಾಲುವೆಯ ಮೇಲೆ ಒಂಬತ್ತು ತೆಂಗಿನ ಸಸಿ ಇಡೋಣ ಎಂದ ಅಣ್ಣ. ಹಸಿರಾಗಿ ಕಂಡರೆ ಯಾರ ಕಣ್ಣೂ ನೆಲದ ಮೇಲೆ ಬೀಳುವುದಿಲ್ಲ ಎನ್ನುವ ಲೆಕ್ಕ. "ನೀನೇ ನೆಡವ್ವ, ನಿನ್ ಕೈಗುಣ ಚೆಂದಾಗದೆ," ಎಂದ. ನಾನು ಸೆರಗು ಸಿಕ್ಕಿಸಿ, ಒಂದೊಂದು ಗುಂಡಿಗೂ ಅರಿಶಿನ ಕುಂಕುಮ ಹಾಕಿ, ಒಂಬತ್ತನ್ನೂ ನೆಟ್ಟೆ.

ಹದಿನೈದು ದಿನಕ್ಕೆ ನಾಗಮಂಗಲದ ಆಚೆ, ಬಿಂಡಿಗನವಿಲೆ ಕಡೆಯಿಂದ ಒಂದು ಮನೆಯವರು ಬಂದರು. ರಾಗಿ, ಕುರಿ, ಮಳೆ ನಂಬಿದ ಸೀಮೆ. ನನ್ನ ಮಾವ ಆಗುವವರು ಬದುವಿನ ಮೇಲೆ ನಿಂತು, ಅಪ್ಪ ಆ ಬೆಳಿಗ್ಗೆ ಮತ್ತೆ ನೀರು ತುಂಬಿಸಿದ್ದ ಗದ್ದೆಯನ್ನು ನೋಡಿ, "ಏನ್ ನೀರಪ್ಪಾ ಶಿವನೇ!" ಎಂದು ಬೆರಗಾದರು. ನಾಲೆ ನೀರು ಕಾಣದವರಿಗೆ ಚೌಳೂ ಗೊತ್ತಿರಲಿಲ್ಲ. ಅಲ್ಲೇ ತಾಂಬೂಲ ಬದಲಾಯಿತು. ನಮ್ಮ ಮನೆಯವರು ಒಳ್ಳೆಯವರು, ನನಗೆ ಯಾವ ಕಷ್ಟವೂ ಆಗಲಿಲ್ಲ. ಆದರೆ ನಮ್ಮ ಮದುವೆ ಒಂದು ಸುಳ್ಳಿನ ಮೇಲೆ ನಿಂತಿದೆ, ಆ ಸುಳ್ಳಿನ ಮೇಲೆ ಒಂಬತ್ತು ತೆಂಗಿನ ಮರ ನಿಂತಿವೆ ಎನ್ನುವುದು ನನ್ನ ಹೊಟ್ಟೆಯೊಳಗೇ ಉಳಿಯಿತು.

ತೆಂಗುಗಳು ಮಾತ್ರ ಹೇಗೆ ಬಂದವು ಅಂತೀರಿ! ತೆಂಗಿಗೆ ಉಪ್ಪು ಅಷ್ಟು ಬಾಧಿಸುವುದಿಲ್ಲವಂತೆ. ಗೊನೆ ಗೊನೆ ಕಾಯಿ. ತವರಿಗೆ ಹೋದಾಗೆಲ್ಲ ಅತ್ತಿಗೆ ನನ್ನ ಮಡಿಲಿಗೆ ಆ ಮರಗಳ ಕಾಯಿಯನ್ನೇ ತುಂಬುತ್ತಿದ್ದಳು. ಮರಗಳು ಬೆಳೆದಂತೆ ಗದ್ದೆ ಸೊರಗುತ್ತಿತ್ತು. ಒಂದು ಶಿವರಾತ್ರಿಗೆ ಹೋದರೆ ಬಿಳುಪು ಮೂಲೆ ದಾಟಿತ್ತು. ಇನ್ನೊಂದು ಶಿವರಾತ್ರಿಗೆ ಬದು ದಾಟಿ ಎರಡನೆಯ ಮಡಿಗೆ ಬಂದಿತ್ತು. ಮುಂಜಾನೆಯ ಬಿಸಿಲಲ್ಲಿ ಯಾರೋ ಉಪ್ಪಿನ ಮೂಟೆ ಒಡೆದುಕೊಂಡು ನಡೆದಂತೆ ಕಾಣುತ್ತಿತ್ತು. ನಾಟಿ ಹಾಕಿದ ಪೈರು ತುದಿಯಿಂದ ಸುಟ್ಟು, ಒಂದೊಂದೇ ಬುಡ ಮಲಗುತ್ತಿತ್ತು.

ಆಮೇಲೆ ಕಬ್ಬಿನ ಸರದಿ. ಒಂದು ವರ್ಷ ನಾನು ಹೋದಾಗ ಆಲೆಮನೆಯಿಂದ ಅಣ್ಣ ಮುಖ ಸಣ್ಣಗೆ ಮಾಡಿಕೊಂಡು ಬಂದ. ಪಾಕ ಎಷ್ಟು ಕಾಯಿಸಿದರೂ ಬೆಲ್ಲ ಗಟ್ಟಿಯಾಗಿರಲಿಲ್ಲ. ಅಚ್ಚಿನಿಂದ ತೆಗೆದರೆ ಕರಗಿ ಜಾರುತ್ತಿತ್ತು. ಆಲೆಮನೆಯವನು, "ಮುಂದಿನ್ ಸರ್ತಿ ಬ್ಯಾರೆ ಕಡೆ ನೋಡ್ಕಳಣ್ಣ, ಕೊಪ್ಪರಿಗೆ ಕೆಡ್ತದೆ," ಎಂದಿದ್ದನಂತೆ. ಅಣ್ಣ ತಂದಿದ್ದ ಬೆಲ್ಲವನ್ನು ಒಂದು ಬೆರಳಿಗೆ ತೆಗೆದು ಬಾಯಿಗಿಟ್ಟೆ. ಸಿಹಿಯ ಹಿಂದೆಯೇ ಉಪ್ಪು ಬಂತು. ಮಡಿವಾಳರ ಅಜ್ಜನ ನೋಟ ನೆನಪಾಯಿತು, ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಅಪ್ಪ ಕೊನೆಯವರೆಗೂ ಚೌಳು ಎಂಬ ಮಾತನ್ನು ಬಾಯಲ್ಲಿ ಆಡಲಿಲ್ಲ. ನಡೆಯಲು ಆಗದಿದ್ದ ಕಾಲದಲ್ಲೂ ಗದ್ದೆಗೆ ಹೋಗಿ, ಗುದ್ದಲಿ ಹಿಡಿದು, ಬಿಳಿ ಕಂಡಲ್ಲೆಲ್ಲ ಪಕ್ಕದ ಮಣ್ಣು ಎಳೆದು ಮುಚ್ಚುತ್ತಿದ್ದ. "ಏನ್ ಮಾಡ್ತಿದ್ದೀಯಪ್ಪಾ?" ಎಂದರೆ "ಏನಿಲ್ಲ ಬುಡವ್ವ, ಇರುವೆ ಗೂಡು," ಎನ್ನುತ್ತಿದ್ದ. ಅಪ್ಪ ತೀರಿಕೊಂಡ ವರ್ಷ ಕೆಳಗಿನ ಗದ್ದೆಗೆ ನಾಟಿಯೇ ಹಾಕಲಿಲ್ಲ. ಅಣ್ಣ ಎರಡು ಸೀಮೆಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕಿ ಮನೆ ನಡೆಸಿದ. ಉಳಿದಿದ್ದು ಮೇಲಿನ ಒಂದೇ ಗದ್ದೆ. ಅದೂ ಹೋದರೆ ಅಣ್ಣ ಬೇಸಾಯಗಾರನಾಗಿ ಉಳಿಯುವುದಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಎರಡು ವರ್ಷದ ಹಿಂದೆ ಆ ಮೇಲಿನ ಗದ್ದೆಯ ತುದಿಯಲ್ಲೂ ಬಿಳಿ ಕಂಡಿತು ಎಂದು ಅತ್ತಿಗೆ ಫೋನು ಮಾಡಿದಳು. ನಾನು ಮಾರನೆಯ ದಿನವೇ ಬಸ್ಸು ಹತ್ತಿದೆ. ಹೋದವಳೇ ಹೇಳಿದೆ: "ಅಣ್ಣಯ್ಯ, ತೆಂಗಿನ್ ಮರ ಕಡ್ಸು. ಬಸಿಗಾಲ್ವೆ ತೋಡ್ಸು."

ಅಣ್ಣ ನನ್ನ ಮುಖ ನೋಡಿದ. "ಫಲ ಬುಡೋ ಮರ ಕಣವ್ವ. ನಿನ್ ಕೈಲಿ ನೆಟ್ಟವು. ಮಕ್ಕಳ ಕತ್ತು ಕುಯ್ದಂಗೆ. ನಾನ್ ಕಡ್ಸಾಕಿಲ್ಲ."

"ನೆಟ್ಟೋಳು ನಾನೇ ತಾನೇ? ಕಡ್ಯೋಳೂ ನಾನೇ."

ನಮ್ಮ ಕಡೆ ತೆಂಗಿನ ಮರಕ್ಕೆ ಸುಮ್ಮನೆ ಕೊಡಲಿ ಹಾಕುವುದಿಲ್ಲ. ಒಂಬತ್ತು ಬುಡಕ್ಕೂ ನೀರು ಹಾಕಿ, ಕುಂಕುಮ ಇಟ್ಟು, ತಪ್ಪಾಯಿತು ಎಂದು ಕೈ ಮುಗಿದೆ. ಮೊದಲ ಏಟು ನಾನೇ ಹಾಕಿದೆ. ಕೊಡಲಿ ಸರಿಯಾಗಿ ಇಳಿಯಲೂ ಇಲ್ಲ. ಆಮೇಲೆ ಆಳುಗಳು ಗರಗಸದ ಯಂತ್ರ ತಂದು ಒಂದೊಂದನ್ನೇ ಉರುಳಿಸಿದರು. ಒಂದೊಂದು ಬಿದ್ದಾಗಲೂ ಅತ್ತಿಗೆ ಒಳಗಿನಿಂದ ಅಯ್ಯೋ ಅಯ್ಯೋ ಎನ್ನುತ್ತಿದ್ದಳು. ಮಾರನೆಯ ದಿನ ಜೆಸಿಬಿ ಬಂದು ಬೇರುಗಳನ್ನು ಕಿತ್ತು, ಹಳೆಯ ಬಸಿಗಾಲುವೆಯ ಜಾಗವನ್ನು ಆಳವಾಗಿ ತೋಡಿತು. ತೋಡಿದ ಒಂದು ಗಂಟೆಗೇ ಎರಡೂ ದಡದಿಂದ ಕಪ್ಪು ನೀರು ಒಸರಿ ಕಾಲುವೆ ತುಂಬತೊಡಗಿತು. ನನಗೆ ಕುಣಿಯುವಷ್ಟು ಖುಷಿಯಾಯಿತು. ಅಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದು ಹೊರಗೆ ಬಂದ ಹಾಗೆ.

ಬೆಳಿಗ್ಗೆ ಎದ್ದು ನೋಡಿದೆ. ನೀರು ಅಂಚಿನವರೆಗೂ ಇತ್ತು. ಒಂದು ಒಣ ಗರಿಯ ಚೂರು ಅದರ ಮೇಲೆ ತೇಲುತ್ತಿತ್ತು. ಕಾಫಿ ಕುಡಿದು ಬಂದು ನೋಡಿದೆ, ಅಲ್ಲೇ ಇತ್ತು. ಮಧ್ಯಾಹ್ನ ನೋಡಿದೆ, ಒಂದು ಗೇಣೂ ಸರಿದಿರಲಿಲ್ಲ.

ನಾನೂ ಅಣ್ಣನೂ ಕಾಲುವೆಯ ಜಾಡು ಹಿಡಿದು ಕೆಳಗೆ ನಡೆದೆವು. ನಮ್ಮ ಕೆಳಗಿನವರದು ಮುಚ್ಚಿತ್ತು, ಅದರ ಮೇಲೆ ಹುಲ್ಲಿನ ಮೆದೆ. ಅವರ ಕೆಳಗಿನವರದೂ ಮುಚ್ಚಿತ್ತು. ಅದರಿಂದಾಚೆ ಗದ್ದೆಗಳೇ ಇರಲಿಲ್ಲ. ಸೈಟು ಮಾಡಿ ಕಲ್ಲು ನೆಟ್ಟಿದ್ದರು, ಸುತ್ತ ಕಾಂಪೌಂಡು ಎಬ್ಬಿಸಿದ್ದರು. ಹಳ್ಳ ಯಾವ ಕಡೆ ಇತ್ತು ಎಂದು ಅಣ್ಣನಿಗೇ ಗುರುತು ಹತ್ತಲಿಲ್ಲ. ಕಾಂಪೌಂಡಿನ ಬುಡದಲ್ಲಿ, ಮೊಣಕಾಲೆತ್ತರದವರೆಗೆ, ಗಾರೆ ಉದುರಿ ಬಿಳಿ ಬೂಸರು ಎದ್ದಿತ್ತು. ನಾವು ಅಷ್ಟು ಚಿಕ್ಕ ದಾರಿ ತೆರೆದು ಊರಿನ ನೀರನ್ನೆಲ್ಲ ಕಳಿಸಲು ಹೋಗಿದ್ದೆವು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಅಣ್ಣ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಬುಡವ್ವ. ಊಟಕ್ಕೆ ನಡಿ," ಎಂದ, ಅಷ್ಟೆ. ಹೊರಡುವಾಗ ಅತ್ತಿಗೆ ಮಡಿಲು ತುಂಬಿದಳು. ಕಡಿದ ಮರಗಳ ಕೊನೆಯ ಕಾಯಿಗಳು. ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ.

ಈಗ ನನ್ನ ಗಂಡನ ಊರಿನ ಮಾತಿಗೆ ಬರುತ್ತೇನೆ. ಬಿಂಡಿಗನವಿಲೆ ಕಡೆಗೆ ನಾನು ಬಂದಾಗ ಬಾವಿಯಲ್ಲಿ ಕೊಡ ಮುಳುಗುವಷ್ಟು ನೀರಿದ್ದರೆ ಅದೇ ಹಬ್ಬ. ಬೇಸಿಗೆಯಲ್ಲಿ ಕುರಿಯವರು ಬಂದು ಹೊಲದಲ್ಲಿ ಮಂದೆ ತಂಗಿಸುತ್ತಿದ್ದರು. ಆ ಗೊಬ್ಬರಕ್ಕೆ ರಾಗಿ ಬೆಳೆಯುತ್ತಿತ್ತು, ಆ ರಾಗಿಯಲ್ಲೇ ಒಂದು ಪಾಲು ಅವರಿಗೆ. ಆಮೇಲೆ ಕೊಳವೆಬಾವಿಗಳು ಬಂದವು. ನಾಲ್ಕಾರು ವರ್ಷದ ಹಿಂದೆ ದೊಡ್ಡ ಪೈಪಿನಲ್ಲಿ ನೀರು ತಂದು ನಮ್ಮ ಕೆರೆಗೂ ತುಂಬಿಸಿದರು. ಕೆರೆ ತುಂಬಿದ ದಿನ ಊರಿನ ಹೆಂಗಸರು ನನ್ನನ್ನು ಮುಂದೆ ನಿಲ್ಲಿಸಿ ಬಾಗಿನ ಬಿಡಿಸಿದರು. "ನಾಲೆ ಸೀಮೆಯೋಳು, ನೀರ್ನ ಇಂದಿಂದೇ ಕರ್ಕಬಂದ್ಲು ಕಣ್ರವ್ವ, ಕಾಲ್ಗುಣ ಅಂದ್ರೆ ಇದು," ಎಂದು ತಮಾಷೆ ಮಾಡಿದರು. ನಾನೂ ಹಿಗ್ಗಿದೆ. ಸುಳ್ಳು ಯಾಕೆ ಹೇಳಲಿ?

ಈಗ ರಾಗಿ ಹೊಲ ಹುಡುಕಬೇಕು. ಎಲ್ಲಿ ನೋಡಿದರೂ ಅಡಿಕೆ, ತೆಂಗು, ಬಾಳೆ. ಕುರಿಯವರು ಬರುವುದನ್ನು ಬಿಟ್ಟಿದ್ದಾರೆ, ತೋಟದೊಳಗೆ ಮಂದೆ ಯಾರು ಬಿಡುತ್ತಾರೆ? ನಮ್ಮ ಹೊಲದ ನಡುವೆ ಮಳೆನೀರು ಹರಿಯುವ ಒಂದು ಸಣ್ಣ ಹಳ್ಳ ಇತ್ತು. ವರ್ಷಕ್ಕೆ ಎರಡು ದಿನ ಹರಿದರೆ ಹೆಚ್ಚು. ಮೇಲಿನವರು ಅದನ್ನು ಮುಚ್ಚಿ ಅಡಿಕೆ ಇಟ್ಟರು, ಕೆಳಗಿನವರೂ ಮುಚ್ಚಿದರು.

ತವರಿನಿಂದ ತಂದಿದ್ದ ಕಾಯಿಗಳಲ್ಲಿ ಒಂದಷ್ಟನ್ನು ನಮ್ಮ ಮನೆಯವರು ಬಚ್ಚಲ ಹಿಂದೆ ಮಣ್ಣಲ್ಲಿ ಇಟ್ಟಿದ್ದರು. ನನ್ನ ತವರಿನ ತಳಿ ಎಂದು ಅವರಿಗೆ ಅಕ್ಕರೆ. ಕಳೆದ ವರ್ಷ ನಾನು ಸಂತೆಯಿಂದ ಬರುವಷ್ಟರಲ್ಲಿ ಹಳ್ಳ ಸಮವಾಗಿತ್ತು. ಜೆಸಿಬಿಯ ಹಲ್ಲಿನ ಗುರುತು ಇನ್ನೂ ಹಸಿ. ಅದರ ಮೇಲೆ ಸಾಲಾಗಿ ಗುಂಡಿ ತೆಗೆದು, ಪಕ್ಕದಲ್ಲಿ ಸಸಿ ಇಟ್ಟುಕೊಂಡು, ನನ್ನ ದಾರಿ ಕಾಯುತ್ತ ನಿಂತಿದ್ದರು. ಎಣಿಸಿದೆ. ಒಂಬತ್ತು.

"ಬಾರೇ, ನೀನೇ ನೆಡು. ನಿನ್ ಕೈಗುಣ ಒಳ್ಳೇದು," ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. ಅಲ್ಲೇ ನಿಂತು ಎಲ್ಲವನ್ನೂ ಹೇಳಿಬಿಟ್ಟೆ. ಮಡಿವಾಳರ ಅಜ್ಜ, ಕೆಮ್ಮಣ್ಣು, ಮುಚ್ಚಿದ ಕಾಲುವೆ, ನಿಮ್ಮ ಅಪ್ಪ ಬೆರಗಾಗಿ ನೋಡಿದ ನೀರಿನ ಕೆಳಗೆ ಏನಿತ್ತು ಎನ್ನುವುದು, ಎಲ್ಲ. ಅವರು ಬೇಜಾರು ಮಾಡಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ನಕ್ಕುಬಿಟ್ಟರು.

"ನಿಮ್ಮಪ್ಪ ಬಲೇ ಆಸಾಮಿ ಕಣೆ. ಆದ್ರೆ ಇದು ನಾಲೆ ಸೀಮೆ ಅಲ್ಲ. ಕುಡ್ಯಾಕೇ ನೀರಿಲ್ದೆ ಸತ್ತೋರು ನಾವು. ಬಸಿಯಾಕೆ ನೀರು ಎಲ್ಲಿಂದ ತರವಾ?"

ನಾನು ನೆಡಲಿಲ್ಲ. ಅವರೇ ನೆಟ್ಟರು. ನಾನು ಒಂದು ವಾರ ಮಾತು ಬಿಟ್ಟೆ, ಆಮೇಲೆ ನಾನೇ ಮಾತಾಡಿಸಿದೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರೆ, ನಮ್ಮದು ಒಂದು ವಾರ ಹೆಚ್ಚಿಗೆ ಎಳೆಯಿತು.

ಈ ಸಲದ ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ಬುತ್ತಿ ತೆಗೆದುಕೊಂಡು ತೋಟಕ್ಕೆ ಹೋದೆ. ನಮ್ಮ ಮನೆಯವರು ಪಕ್ಕದ ತೋಟದವರ ಜೊತೆ ಮಾತಾಡುತ್ತ ಮೇಲಿನ ಬದುವಿನಲ್ಲಿದ್ದರು. ಸಸಿಗಳು ಚೆನ್ನಾಗಿ ಹೊಸ ಗರಿ ಬಿಟ್ಟಿದ್ದವು. ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ ನೆಲದ ಮೇಲೆ ಏನೋ ಬೆಳ್ಳಗೆ ಕಂಡಿತು. ಯಾರೋ ಸುಣ್ಣ ಚೆಲ್ಲಿರಬೇಕು ಎಂದುಕೊಂಡೆ. ಒಂದು ಊಟದ ಎಲೆಯಷ್ಟಗಲ, ಅಷ್ಟೆ. ಕುಕ್ಕರುಗಾಲಲ್ಲಿ ಕೂತು ಉಗುರಿನಿಂದ ಕೆರೆದು, ಒಂದು ಚಿಟಿಕೆ ನಾಲಿಗೆಯ ಮೇಲಿಟ್ಟೆ.

ಆ ರುಚಿ ನನಗೆ ಗೊತ್ತಿತ್ತು.

ಕೂಗಬೇಕಿತ್ತು. ಬನ್ರೀ ಇಲ್ಲಿ, ನೋಡಿ, ಇನ್ನೂ ಊಟದ ಎಲೆಯಷ್ಟೇ ಇದೆ, ಇವತ್ತೇ ಮೇಲಿನವರನ್ನೂ ಕೆಳಗಿನವರನ್ನೂ ಕರೆಯಿರಿ, ಹಳ್ಳ ಬಿಡಿಸೋಣ ಎಂದು ಊರಿಗೆ ಕೇಳುವ ಹಾಗೆ ಕೂಗಬೇಕಿತ್ತು. ಈ ಊರಿನಲ್ಲಿ ಅದನ್ನು ನೋಡಿ ಏನೆಂದು ಹೇಳಬಲ್ಲವಳು ನಾನೊಬ್ಬಳೇ. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ನಮ್ಮ ಮನೆಯವರೂ ಪಕ್ಕದ ತೋಟದವರೂ ಈ ಕಡೆ ಇಳಿದು ಬರುವುದು ಕಾಣಿಸಿತು. ನೀರು ಬಂದಾಗ ನನ್ನ ಕಾಲ್ಗುಣ ಎಂದಿದ್ದರಲ್ಲ, ಇದು ಯಾರ ಕಾಲ್ಗುಣ ಎನ್ನುತ್ತಾರೆ? ತವರಿನ ಕಾಯಿಯ ಜೊತೆ, ಇವಳ ಮಡಿಲಲ್ಲೇ ಬಂತು ಎನ್ನುವುದಿಲ್ಲವೇ?

"ಏನೇ ಅದು, ಅಂಗ್ ಕೂತ್ಕಂಡಿದ್ದೀಯಾ?" ಎಂದರು.

ನಾನು ಎದ್ದು ನಿಂತೆ. ಎದ್ದವಳೇ ಕಾಲಿನಿಂದ ಪಕ್ಕದ ಮಣ್ಣನ್ನು ಎಳೆದು ಅದರ ಮೇಲೆ ಹಾಕಿದೆ, ಇನ್ನೊಂದಿಷ್ಟು ಎಳೆದೆ, ಅದರ ಮೇಲೆಯೇ ನಿಂತೆ.

"ಏನಿಲ್ಲ ಬನ್ರೀ," ಎಂದೆ. "ಇರುವೆ ಗೂಡು."

ಅವರು ನಂಬಿದರು, ಬುತ್ತಿ ಬಿಚ್ಚಲು ನೆರಳಿಗೆ ಹೋದರು. ಅಂಗಾಲಿನ ಕೆಳಗೆ ಮಣ್ಣು ಒದ್ದೆಯಾಗಿ ತಣ್ಣಗಿತ್ತು. ಅವರು ಎರಡು ಸಲ ಕರೆದರೂ ನಾನು ಕಾಲು ತೆಗೆಯಲಿಲ್ಲ.